ಡೀರ್ ಅಲ್ಲ, ಡೀರಿಂಗ್: ಒಂದು ಹಳೇ ಹುಲ್ಲು ಕೊಯ್ಯುವ ಯಂತ್ರದ ಗುರುತು ಹಿಡಿದ ಕಥೆ

ಹೋದ ವಾರ ಯಂತ್ರ ಹೊರಟುಹೋಯಿತು. ಕೊಟ್ಟಿಗೆ ಹಿಂದೆ ಅದು ನಿಂತಿದ್ದ ಜಾಗದಲ್ಲಿ ಈಗ ಎರಡು ಗಾಲಿಯ ಗುಂಡಿ, ಬಿಳಿಚಿಕೊಂಡ ಒಂದಿಷ್ಟು ಹುಲ್ಲು ಮಾತ್ರ ಇದೆ. ಅದು ಏನು, ಯಾರು ಮಾಡಿದ್ದು, ಎಷ್ಟು ಬೆಲೆ ಬಾಳುತ್ತದೆ ಅಂತ ತಿಳಿದುಕೊಳ್ಳಲು ನನಗೆ ನಾಲ್ಕು ತಿಂಗಳು ಹಿಡಿಯಿತು. ಅದರಲ್ಲಿ ಅರ್ಧ ಸಮಯ ದಾರಿ ತಪ್ಪಿ ಅಲೆದದ್ದೇ ಆಯಿತು. ನಿಮ್ಮ ಮನೆ ಹಿಂದೆಯೂ ಇಂಥದ್ದೊಂದು ತುಕ್ಕು ಹಿಡಿದು ನಿಂತಿದ್ದರೆ ಆ ಅಲೆದಾಟವಾದರೂ ತಪ್ಪಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಅಜ್ಜನ ಜಾಗ ಖಾಲಿ ಮಾಡಬೇಕಿತ್ತು. ಗುಜರಿಯವನು ಬಂದು ಎಲ್ಲ ಸಾಮಾನು ನೋಡಿ, ಇದರ ಹತ್ತಿರ ಬಂದಾಗ ಗಾಲಿಗೆ ಒಂದು ಸಲ ಒದ್ದ. "ತೂಕದ ಲೆಕ್ಕಕ್ಕೆ ಹಾಕ್ಕೋತೀನಿ" ಅಂದ. ಪಕ್ಕದಲ್ಲೇ ಇದ್ದ ಚಿಕ್ಕಪ್ಪ ಸಿಟ್ಟಾದರು. "ಲೋ, ಅದು ಜಾನ್ ಡೀರ್ ಕಣೋ. ಸುಮ್ನೆ ಗುಜರಿಗೆ ಹಾಕೋ ಮಾಲಲ್ಲ" ಅಂದರು. ಅವರು ಹೇಳಿದ್ದಕ್ಕೆ ಆಧಾರವೂ ಇತ್ತು. ಯಂತ್ರಕ್ಕೆ ಹಸಿರು ಬಣ್ಣ ಬಳಿದಿತ್ತು. ಬೀಡು ಕಬ್ಬಿಣದ ಒಂದು ಭಾಗದ ಮೇಲೆ ಉಬ್ಬು ಅಕ್ಷರದಲ್ಲಿ ಡಿ, ಇ, ಇ, ಆರ್ ಅಂತ ಕಾಣುತ್ತಿತ್ತು. ಉಳಿದದ್ದೆಲ್ಲ ತುಕ್ಕು ಮತ್ತು ಗಟ್ಟಿಯಾದ ಗ್ರೀಸು. ನಾನೂ ನಂಬಿದೆ. ಗುಜರಿಯವನನ್ನು ಕಳಿಸಿದೆ.

ಮೊದಲು ಯಂತ್ರ ಹೇಗಿತ್ತು ಅಂತ ಹೇಳಿಬಿಡುತ್ತೇನೆ. ಎರಡು ದೊಡ್ಡ ಕಬ್ಬಿಣದ ಗಾಲಿ, ಅವುಗಳ ಮೇಲೆ ನೆಲ ಕಚ್ಚುವ ಹಲ್ಲು. ತೂತು ತೂತಿನ ಕಬ್ಬಿಣದ ಸೀಟು. ಎತ್ತಿ ಇಳಿಸಲು ಒಂದು ಉದ್ದನೆಯ ಹಿಡಿ. ಬಲಕ್ಕೆ ಚಾಚಿಕೊಂಡ ಕಟರ್ ಬಾರ್. ಆ ಬಾರಿಗೆ ಮುಂದಕ್ಕೆ ಬೆರಳಿನ ಹಾಗೆ ಚೂಪಾದ ಗಾರ್ಡುಗಳು. ಅವುಗಳ ನಡುವೆ ತ್ರಿಕೋನದ ಬ್ಲೇಡುಗಳನ್ನು ರಿವೆಟ್ ಹೊಡೆದು ಕೂರಿಸಿದ ಕತ್ತಿ ಪಟ್ಟಿ. ಪಟ್ಟಿ ಆ ಕಡೆ ಈ ಕಡೆ ಸರಿದಾಡಿದಾಗ ಬ್ಲೇಡು, ಗಾರ್ಡಿನ ಒಳಗಿನ ತಟ್ಟೆ ಎರಡೂ ಸೇರಿ ಕತ್ತರಿಯ ಹಾಗೆ ಹುಲ್ಲು ಕತ್ತರಿಸುತ್ತವೆ. ಪಟ್ಟಿಯನ್ನು ಸರಿದಾಡಿಸುವ ಕೋಲಿಗೆ ಪಿಟ್‌ಮನ್ ಅನ್ನುತ್ತಾರೆ. ಮುಂದೆ ಮೂಕಿಯ ಜಾಗದಲ್ಲಿ ಟ್ರ್ಯಾಕ್ಟರ್‌ಗೆ ಕೊಂಡಿ ಹಾಕಲು ಒಂದು ಕಬ್ಬಿಣದ ಚಾನೆಲ್.

ಇಲ್ಲೇ ನನ್ನ ಮೊದಲ ತಪ್ಪು ನಡೆಯಿತು. ಉತ್ಸಾಹದಲ್ಲಿ ಗ್ರೈಂಡರಿಗೆ ವೈರ್ ಬ್ರಷ್ ಹಾಕಿ ಉಜ್ಜತೊಡಗಿದೆ. ಗೇರ್ ಪೆಟ್ಟಿಗೆಯ ಮುಚ್ಚಳದ ಮೇಲೆ ಮಾಸಿದ ಹಳದಿಯಲ್ಲಿ ಏನೋ ಬರೆದ ಹಾಗಿತ್ತು. ಏನು ಅಂತ ಬಗ್ಗಿ ನೋಡುವಷ್ಟರಲ್ಲಿ ಬ್ರಷ್ ಅದರ ಮೇಲೆ ಹಾದಿತ್ತು. ಅರ್ಧ ನಿಮಿಷ ಸಾಕಾಯಿತು. ಅಷ್ಟು ವರ್ಷ ಮಳೆ ಬಿಸಿಲಿಗೆ ಉಳಿದುಕೊಂಡಿದ್ದ ಅಕ್ಷರ ನನ್ನ ಕೈಯಿಂದ ಹೋಯಿತು. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ದಯವಿಟ್ಟು ಇದೊಂದನ್ನು ನೆನಪಿಡಿ. ಗುರುತು ಸಿಗುವ ತನಕ ಉಜ್ಜಬೇಡಿ, ಬಣ್ಣ ಬಳಿಯಬೇಡಿ. ಹಳೇ ಗ್ರೀಸನ್ನು ಮರದ ಚಕ್ಕೆಯಲ್ಲಿ ನಿಧಾನಕ್ಕೆ ಕೆರೆಯಿರಿ. ಬಟ್ಟೆಗೆ ಡೀಸೆಲ್ ಹಚ್ಚಿ ಒರೆಸಿ. ಉಬ್ಬು ಅಕ್ಷರ ಕಾಣದಿದ್ದರೆ ಸೀಮೆಸುಣ್ಣವನ್ನು ಅಡ್ಡ ಹಿಡಿದು ಮೇಲೆ ಮೇಲೆ ಸವರಿ. ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ, ಕಬ್ಬಿಣಕ್ಕೆ ತಾಗಿಸಿದ ಹಾಗೆ ಹಿಡಿದು ನೋಡಿ. ಹಗಲಲ್ಲಿ ಬರೀ ತುಕ್ಕು ಅನ್ನಿಸಿದ ಕಡೆ ಅಂಕಿಗಳು ಎದ್ದು ಬರುತ್ತವೆ.

ಬೀಡಿನ ಭಾಗಗಳ ಮೇಲೆ ಸಾಕಷ್ಟು ಉಬ್ಬು ನಂಬರ್ ಸಿಕ್ಕವು. ಅದರಲ್ಲಿ ಎಲ್ಲಕ್ಕಿಂತ ದೊಡ್ಡದಾಗಿದ್ದ ಒಂದನ್ನು ಹಿಡಿದು, ಇದೇ ಮಾಡೆಲ್ ನಂಬರ್ ಅಂದುಕೊಂಡೆ. ಆ ನಂಬರ್ ಹಾಕಿ ಹುಡುಕಿದ್ದೇ ಹುಡುಕಿದ್ದು. ಏನೂ ಸಿಗಲಿಲ್ಲ. ಯಾಕೆಂದರೆ ಅದು ಯಂತ್ರದ ನಂಬರೇ ಅಲ್ಲ, ಆ ಒಂದು ಭಾಗದ ನಂಬರ್. ಎರಕ ಹೊಯ್ಯುವಾಗ ಅಚ್ಚಿನಲ್ಲೇ ಬರುವಂಥದ್ದು. ಗಾಲಿಗೆ ಒಂದು, ಬಾರಿನ ತುದಿಯನ್ನು ಹೊತ್ತು ನೆಲದ ಮೇಲೆ ಜಾರುವ ಶೂಗೆ ಒಂದು, ಸೀಟಿಗೆ ಒಂದು ಇರುತ್ತದೆ. ಹಾಗೇ ಪೇಟೆಂಟ್ ತಾರೀಖು ಏನಾದರೂ ಕಂಡರೆ ಅದನ್ನು ಯಂತ್ರ ಹುಟ್ಟಿದ ದಿನ ಅಂತ ಓದಬೇಡಿ. ಅದಕ್ಕಿಂತ ಮೊದಲು ಮಾಡಿದ್ದಲ್ಲ ಅನ್ನುವುದಷ್ಟೇ ಅದರಿಂದ ತಿಳಿಯುತ್ತದೆ. ಎಷ್ಟೋ ವರ್ಷ ಆದಮೇಲೂ ಅದೇ ಅಚ್ಚಿನಲ್ಲಿ ಭಾಗ ಹೊಯ್ದಿರಬಹುದು.

ಆಮೇಲೆ ಜಾನ್ ಡೀರ್‌ನ ಎಳೆಯುವ ಹುಲ್ಲು ಯಂತ್ರಗಳಲ್ಲಿ ಹೆಸರಾದದ್ದು ನಂ. 5 ಅಂತ ಗೊತ್ತಾಯಿತು. ಅದರ ಹಳೇ ಕೈಪಿಡಿಯ ನಕಲನ್ನು ದುಡ್ಡು ಕೊಟ್ಟು ತರಿಸಿದೆ. 19 ದಿನ ಕಾದೆ. ಬಂದ ದಿನ ಅದನ್ನು ಯಂತ್ರದ ಪಕ್ಕ ಇಟ್ಟುಕೊಂಡು ಕೂತೆ. ಒಂದು ಚಿತ್ರವೂ ಹೊಂದಲಿಲ್ಲ. ನಂ. 5 ಪಿಟಿಒದಿಂದ ನಡೆಯುವ ಯಂತ್ರ. ಟ್ರ್ಯಾಕ್ಟರಿನ ಹಿಂದೆ ತಿರುಗುವ ಶಾಫ್ಟಿನಿಂದ ಅದಕ್ಕೆ ಶಕ್ತಿ ಬರುತ್ತದೆ. ನಮ್ಮದರಲ್ಲಿ ಶಾಫ್ಟ್ ಸೇರಿಸುವ ಜಾಗವೇ ಇಲ್ಲ! ಇದನ್ನು ನಾನು ಮೊದಲನೇ ದಿನವೇ ನೋಡಬೇಕಿತ್ತು.

ಹೆಸರಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು: ಕತ್ತಿಗೆ ಶಕ್ತಿ ಎಲ್ಲಿಂದ ಬರುತ್ತದೆ? ಗಾಲಿಯಿಂದಲೋ ಪಿಟಿಒದಿಂದಲೋ? ಗಾಲಿ ಉರುಳಿದಾಗ ಅಚ್ಚು ತಿರುಗಿ, ಅದರಿಂದ ಗೇರು, ಗೇರಿನಿಂದ ಪಿಟ್‌ಮನ್ ಆಡಿಸುವ ಫ್ಲೈವೀಲು ತಿರುಗುವುದಾದರೆ ಅದು ಗಾಲಿಯ ಯಂತ್ರ. ಹೆಚ್ಚಾಗಿ ಕುದುರೆಗೆ ಅಂತಲೇ ಮಾಡಿದ್ದು, ಆಮೇಲೆ ಮೂಕಿ ಕುಯ್ದು ಟ್ರ್ಯಾಕ್ಟರ್‌ಗೆ ಹೊಂದಿಸಿಕೊಂಡಿರುತ್ತಾರೆ. ಪಿಟಿಒದ್ದಾದರೆ ಮುಂದಿನ ಪ್ರಶ್ನೆ, ತನ್ನದೇ ಗಾಲಿಯ ಮೇಲೆ ಹಿಂದೆ ಬರುತ್ತದೋ, ಟ್ರ್ಯಾಕ್ಟರಿನ ಹೊಟ್ಟೆಯ ಕೆಳಗೆ ಕೂರುತ್ತದೋ, ಟ್ರ್ಯಾಕ್ಟರಿನ ಹಿಂದಿನ ಮೂರು ತೋಳಿನ ಕೊಂಡಿಗೆ ತೂಗುತ್ತದೋ ಅಂತ. ಇಷ್ಟು ಗೊತ್ತಾದರೆ ಹುಡುಕುವ ಜಾಗ ಕಾಲುಭಾಗಕ್ಕೆ ಇಳಿಯುತ್ತದೆ. ಗಾಲಿಯಿಂದ ನಡೆಯುತ್ತದೆ ಅಂತ ತಿಳಿಯಲು ಸುಲಭದ ದಾರಿ ಅಂದರೆ ಯಂತ್ರವನ್ನು ಹಿಂದಕ್ಕೆ ತಳ್ಳುವುದು. ಗಾಲಿಯ ನಡುವಿನ ಗುಂಬದಲ್ಲಿರುವ ಕೊಕ್ಕೆಗಳು ಅದರೊಳಗಿನ ಹಲ್ಲಿನ ಮೇಲೆ ಹಾರಿ ಟಕ ಟಕ ಅನ್ನುತ್ತವೆ. ಮುಂದಕ್ಕೆ ಎಳೆದಾಗ ಸದ್ದು ನಿಂತು ಕಚ್ಚಿಕೊಳ್ಳುತ್ತವೆ.

ನಮ್ಮದು ತಳ್ಳಿದರೆ ಅಲ್ಲಾಡುತ್ತಿರಲಿಲ್ಲ ಬಿಡಿ.

ತಿರುವು ಸಿಕ್ಕಿದ್ದು ವೆಲ್ಡಿಂಗ್ ಮಾಡುವ ಒಬ್ಬ ಹಿರಿಯ ಮೇಸ್ತ್ರಿಯಿಂದ. ಬೇರೆ ಕೆಲಸಕ್ಕೆ ಬಂದಿದ್ದ ಅವರು ಸೀಟಿನ ಕೆಳಗಿನ ಪಟ್ಟಿಯ ಬೋಲ್ಟು ಬಿಚ್ಚಿಸಿದರು. ವಾಷರ್ ಎತ್ತಿದಾಗ ಅದರಡಿ ಉಗುರಗಲದ ಒಂದು ಉಂಗುರ ಉಳಿದಿತ್ತು. ಹಸಿರಲ್ಲ, ಒಳ್ಳೇ ಗಾಢ ಕೆಂಪು. "ಹಸಿರು ಆಮೇಲೆ ಬಳಿದದ್ದು. ಮನೆಯಲ್ಲಿ ಯಾವ ಡಬ್ಬಿ ಉಳಿದಿರುತ್ತೋ ಅದನ್ನ ಬಳೀತಾರೆ. ಬಣ್ಣ ನಂಬಬೇಡಿ, ಬೋಲ್ಟಿನ ಅಡಿ ನೋಡಿ" ಅಂದರು. ಆಮೇಲೆ ಆ ಡಿ, ಇ, ಇ, ಆರ್ ಅಕ್ಷರಗಳ ಮುಂದೆ ಬಂದು ಕೂತರು. ಡೀಸೆಲ್ ಬಟ್ಟೆಯಲ್ಲಿ ಹತ್ತು ನಿಮಿಷ ನೆನೆಸಿ, ಹೆಬ್ಬೆರಳಲ್ಲಿ ಒತ್ತಿ ಒತ್ತಿ ಒರೆಸಿದರು. ಆರ್ ಆದಮೇಲೆ ಒಂದು ಐ. ಒಂದು ಎನ್. ಒಂದು ಜಿ. ಅದರ ಹಿಂದೆ ಇನ್ನೊಂದು ಹೆಸರಿನ ಬಾಲ.

ಮೆಕಾರ್ಮಿಕ್-ಡೀರಿಂಗ್. ಡೀರ್ ಅಲ್ಲ, ಡೀರಿಂಗ್!

ಎರಡೂ ಬೇರೆ ಬೇರೆ ಮನೆತನ. ಜಾನ್ ಡೀರ್ 1837ರಲ್ಲಿ ನೇಗಿಲಿನಿಂದ ಶುರುವಾದ ಕಂಪನಿ. ಡೀರಿಂಗ್ ಅನ್ನುವುದು ವಿಲಿಯಂ ಡೀರಿಂಗ್ ಅವರ ಕೊಯ್ಲು ಯಂತ್ರದ ಕಂಪನಿ. 1902ರಲ್ಲಿ ಅದು ತನ್ನ ದೊಡ್ಡ ಎದುರಾಳಿ ಮೆಕಾರ್ಮಿಕ್ ಜೊತೆ, ಇನ್ನೂ ಮೂರು ಕಂಪನಿಗಳ ಜೊತೆ ಸೇರಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಆಯಿತು. ಎರಡು ಹೆಸರನ್ನೂ ಜೋಡಿಸಿದ ಮೆಕಾರ್ಮಿಕ್-ಡೀರಿಂಗ್ ಅನ್ನುವ ಹೆಸರು 1920ರ ದಶಕದಿಂದ 1940ರ ದಶಕದ ಕೊನೆವರೆಗೆ ಅವರ ಯಂತ್ರಗಳ ಮೇಲೆ ಇತ್ತು. ಅಂದರೆ ಹೆಸರು ಪೂರ್ತಿ ಓದಿದ ಕೂಡಲೇ ವಯಸ್ಸಿನ ಅಂದಾಜೂ ಸಿಕ್ಕಿತು. ಆ ಮೂರು ಅಕ್ಷರಕ್ಕಾಗಿ ನಾನು ಎರಡು ತಿಂಗಳು ಕಳೆದಿದ್ದೆ.

ಚಿಕ್ಕಪ್ಪನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಕೆಂಪಿತ್ತು ಕಣೋ. ನಾನು ಚಿಕ್ಕವನಿದ್ದಾಗ ಅದು ಕೆಂಪಗೇ ಇತ್ತು" ಅಂದರು. ಯಾರೂ ಅವರನ್ನು ಹಾಗೆ ಕೇಳಿರಲಿಲ್ಲ. ಮನೆಯ ಹಿರಿಯರಿಗೆ "ಇದು ಯಾವ ಕಂಪನಿಯದು" ಅಂತ ಕೇಳುವ ಬದಲು "ಮೊದಲು ಹೇಗಿತ್ತು, ಯಾವುದು ಎಳೀತಿತ್ತು, ಏನು ಮುರಿದಿತ್ತು" ಅಂತ ಕೇಳಿ. ನೆನಪು ಅಲ್ಲಿಂದ ಬರುತ್ತದೆ. ಮೂಕಿ ಕುಯ್ದದ್ದು, ಒಮ್ಮೆ ಪಿಟ್‌ಮನ್ ಮುರಿದದ್ದು, ಎರಡನ್ನೂ ಅವರು ಅವತ್ತೇ ಹೇಳಿದರು.

ಮಾದರಿ ಯಾವುದು ಅನ್ನುವುದು ಇನ್ನೂ ಉಳಿದಿತ್ತು. ಗೇರುಗಳು ಮುಚ್ಚಿದ ಪೆಟ್ಟಿಗೆಯೊಳಗೆ ಎಣ್ಣೆಯಲ್ಲಿ ಮುಳುಗಿ ಓಡುವಂಥ ಯಂತ್ರ ನಮ್ಮದು. ಈ ಕಂಪನಿಯ ಅಂಥ ಯಂತ್ರಗಳಲ್ಲಿ ನಂ. 7, ಅದರ ನಂತರ 1939ರಲ್ಲಿ ಬಂದ ನಂ. 9 ಇವೆರಡಕ್ಕೆ ಹೆಸರು ಜಾಸ್ತಿ. ಇವುಗಳ ಬಿಡಿಭಾಗಗಳ ಪಟ್ಟಿ ಸಿಕ್ಕಾಗ ನಾನು ಬರೆದಿಟ್ಟುಕೊಂಡಿದ್ದ ಉಬ್ಬು ನಂಬರುಗಳಿಗೆ ಕೊನೆಗೂ ಬೆಲೆ ಬಂತು. ಒಂದು ನಂಬರ್ ಹೊಂದಿತು ಅಂತ ನಿಲ್ಲಿಸಬೇಡಿ. ಒಂದೇ ಕಂಪನಿಯ ಹಳೇ ಮಾದರಿಯ ಭಾಗ ಹೊಸದರಲ್ಲೂ ಇರುತ್ತದೆ. ರಿಪೇರಿಯಲ್ಲಿ ಬೇರೆ ಯಂತ್ರದ ಭಾಗವೂ ಬಂದು ಸೇರಿರುತ್ತದೆ. ನಾನು ಗಾಲಿ, ಸೀಟು ಬಿಟ್ಟು ಗೇರ್ ಪೆಟ್ಟಿಗೆಯ ಸುತ್ತಲಿನ ಐದು ಭಾಗ ಹೊಂದಿಸಿ ನೋಡಿದೆ. ಐದೂ ನಂ. 9ರ ಪಟ್ಟಿಯಲ್ಲಿದ್ದವು. ಹೆಸರು ಒಂದು ಕಡೆಯಿಂದ, ಮಾದರಿ ಇನ್ನೊಂದು ಕಡೆಯಿಂದ ಹಿಡಿದರೆ ನಮ್ಮ ಯಂತ್ರ ಹುಟ್ಟಿದ್ದು 1939ರಿಂದ 1940ರ ದಶಕದ ಕೊನೆಯ ಒಳಗೆ. ಸರಿಯಾದ ಇಸವಿ ಬೇಕೇಬೇಕು ಅಂತ ಹಟ ಹಿಡಿಯಲಿಲ್ಲ. ಕೊಳ್ಳುವವರು ಯಾರೂ ಅದನ್ನು ಕೇಳಲೂ ಇಲ್ಲ.

ಅವರು ಕೇಳಿದ್ದು ಒಂದೇ. ತಿರುಗುತ್ತದಾ?

ತಿರುಗಿಸಲು 11 ದಿನ ಹಿಡಿಯಿತು. ಪ್ರತಿ ಸಂಜೆ ಗುಂಬ, ಕೀಲು, ಕತ್ತಿ ಪಟ್ಟಿ ಎಲ್ಲದಕ್ಕೂ ತುಕ್ಕು ಬಿಡಿಸುವ ಎಣ್ಣೆ ಬಿಡುತ್ತಿದ್ದೆ. ಬೀಡಿಗೆ ಸುತ್ತಿಗೆಯಲ್ಲಿ ನೇರ ಹೊಡೆಯಬೇಡಿ, ಬಿರುಕು ಬಿಡುತ್ತದೆ. ನಡುವೆ ಮರದ ತುಂಡು ಇಡಿ. ಗೇರ್ ಪೆಟ್ಟಿಗೆಯ ಬಿರಡೆ ಬಿಚ್ಚಿದಾಗ ಬೂದು ಬಣ್ಣದ ಕೆಸರು ಬಂತು. ನೀರು ಒಳಗೆ ಹೋಗಿತ್ತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಂಥ ಯಂತ್ರದ ಜೀವ ಇರುವುದೇ ಆ ಪೆಟ್ಟಿಗೆಯಲ್ಲಿ. ಮಾರನೇ ದಿನ ಡೀಸೆಲ್ ಹಾಕಿ ತೊಳೆದು ಟಾರ್ಚ್ ಬಿಟ್ಟು ನೋಡಿದೆವು. ಹಲ್ಲುಗಳು ಕಪ್ಪಾಗಿದ್ದವು, ಆದರೆ ಒಂದೂ ಮುರಿದಿರಲಿಲ್ಲ. ಹೊಸ ಎಣ್ಣೆ ತುಂಬಿಸಿ, ಒಂದು ಕಡೆ ಜಾಕಿ ಕೊಟ್ಟು, ಮೇಸ್ತ್ರಿ ಗಾಲಿ ಹಿಡಿದು ಎಳೆದರು. ಮೊದಲು ಕಿರ್ ಅಂದಿತು. ಆಮೇಲೆ ಫ್ಲೈವೀಲು ಸರ್ರನೆ ಸುತ್ತಿತು. ಗಾಲಿ ಒಂದು ಸುತ್ತು ಬರುವಷ್ಟರಲ್ಲಿ ಅದು 20ಕ್ಕಿಂತ ಜಾಸ್ತಿ ಸುತ್ತು ಬರುತ್ತದೆ. ಹಾಗಾಗಿ ಗಾಲಿ ಒಂದು ಗೇಣು ಸರಿದರೂ ಕತ್ತಿ ಪೂರ್ತಿ ಓಡುತ್ತದೆ. ದಯವಿಟ್ಟು ಆ ಹೊತ್ತಲ್ಲಿ ಗಾರ್ಡುಗಳ ಹತ್ತಿರ ಕೈ ಇಡಬೇಡಿ, ಮಕ್ಕಳನ್ನು ದೂರ ಇಡಿ. ನಾವು ಕತ್ತಿ ಪಟ್ಟಿಯನ್ನು ಮೊದಲೇ ಎಳೆದು ತೆಗೆದಿಟ್ಟಿದ್ದೆವು. ನೀವೂ ಹಾಗೇ ಮಾಡಿ. ಪಿಟಿಒ ಯಂತ್ರವಾದರೆ ಟ್ರ್ಯಾಕ್ಟರ್ ಪೂರ್ತಿ ಆಫ್ ಆಗುವ ತನಕ ಹತ್ತಿರ ಹೋಗಲೇಬಾರದು.

ಬೆಲೆ ಕಟ್ಟುವ ಮೊದಲು ಏನು ಇದೆ, ಏನು ಇಲ್ಲ ಅಂತ ಬರೆದುಕೊಂಡೆ. ಬಾರಿನ ಉದ್ದಕ್ಕೆ ಟೇಪು ಬೇಡ, ಗಾರ್ಡು ಎಣಿಸಿದರೆ ಸಾಕು. ಒಂದು ಗಾರ್ಡಿನಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ 3 ಇಂಚು. ನಮ್ಮದರಲ್ಲಿ 20 ಇದ್ದವು, ಅಂದರೆ 5 ಅಡಿಯ ಬಾರ್. ಈ 3 ಇಂಚಿನ ಅಳತೆ ಅಷ್ಟು ಹಳೆಯದು, ಅಷ್ಟು ಹರಡಿದ್ದು ಆದ್ದರಿಂದಲೇ ಬ್ಲೇಡು, ರಿವೆಟ್ಟು ಇವತ್ತಿಗೂ ಹೊಸದಾಗಿ ಸಿಗುತ್ತವೆ. ಬ್ಲೇಡು ಮೊಂಡಾಗಿದೆ, ನಾಲ್ಕು ಇಲ್ಲವೇ ಇಲ್ಲ ಅಂತ ಬೆಲೆ ಅರ್ಧಕ್ಕೆ ಇಳಿಸಿ ಕೇಳುವವರಿಗೆ ಇದನ್ನು ಹೇಳಿ. ಕೂಡಲೇ ಸಿಗದಿರುವುದು ಬೀಡಿನ ಭಾಗಗಳು. ಒಳಗಿನ ಶೂ, ಹೊರಗಿನ ಶೂ, ಗೇರ್ ಪೆಟ್ಟಿಗೆ, ಎತ್ತುವ ಹಿಡಿ. ತುದಿಯಲ್ಲಿ ಕೊಯ್ದ ಹುಲ್ಲನ್ನು ಒಳಕ್ಕೆ ಸರಿಸುವ ಮರದ ಹಲಗೆ ನಮ್ಮಲ್ಲಿ ಇರಲಿಲ್ಲ. ಅದು ದೊಡ್ಡ ವಿಷಯವಲ್ಲ, ಬಡಗಿ ಮಾಡಿಕೊಡುತ್ತಾನೆ.

ಎರಡು ಕೊರತೆ ಮಾತ್ರ ನಿಜಕ್ಕೂ ಬೆಲೆ ಇಳಿಸಿದವು. ಮೊದಲನೆಯದು ಪಿಟ್‌ಮನ್. ಮರದ್ದು ಮುರಿದ ಮೇಲೆ ಯಾರೋ ಕಬ್ಬಿಣದ ಪೈಪು ಬೆಸೆದು ಹಾಕಿದ್ದರು. ಮರದ ಕೋಲು ಹೊಡೆತ ತಾಳಿಕೊಳ್ಳುತ್ತದೆ, ತೀರಾ ಆದರೆ ತಾನು ಮುರಿದು ಮಿಕ್ಕಿದ್ದನ್ನು ಉಳಿಸುತ್ತದೆ. ಪೈಪು ಹಾಗಲ್ಲ. ಆ ಹೊಡೆತವನ್ನೆಲ್ಲ ಕತ್ತಿಯ ತಲೆಗೆ, ಫ್ಲೈವೀಲಿನ ಪಿನ್ನಿಗೆ ದಾಟಿಸುತ್ತದೆ. ಎರಡನೆಯದು ಬಾರಿನ ಜೋಲು. ಅಚ್ಚಿಗೆ ಸಮನಾಗಿ ದಾರ ಕಟ್ಟಿ ನೋಡಿದರೆ ಬಾರಿನ ಹೊರತುದಿ ಒಳತುದಿಗಿಂತ ಸ್ವಲ್ಪ ಮುಂದಿರಬೇಕು. ಅಡಿಗೆ ಕಾಲು ಇಂಚಿನ ಲೆಕ್ಕ. ನಮ್ಮದು ಮುಂದಿರುವ ಬದಲು ಮುಕ್ಕಾಲು ಇಂಚು ಹಿಂದೆ ಬಿದ್ದಿತ್ತು. ಕೀಲುಗಳು ಸವೆದಿವೆ ಅಂತ ಅರ್ಥ. ಕುದುರೆಯ ನಡಿಗೆಗೆ ಅಂತ ಮಾಡಿದ ಯಂತ್ರವನ್ನು ಟ್ರ್ಯಾಕ್ಟರಿನ ವೇಗಕ್ಕೆ ಎಳೆದರೆ ಆಗುವುದೇ ಇದು. ಕೊಳ್ಳಲು ಬಂದವರೆಲ್ಲ ಮೊದಲು ಮೂಕಿಯ ಕುಯ್ತ ನೋಡಿ, ಆಮೇಲೆ ಬಾರ್ ನೋಡಲು ಹೋಗುತ್ತಿದ್ದರು. ನಾನು ಎರಡನ್ನೂ ಫೋಟೋ ತೆಗೆದು, ನಾನೇ ಮೊದಲು ತೋರಿಸಿದೆ. ಅದರಿಂದ ಮಾತು ಬೇಗ ಮುಗಿಯಿತು.

ಈಗ ದುಡ್ಡಿನ ವಿಷಯ. ಟ್ರೇಲರಿನಲ್ಲಿ ಹಾಕಿಕೊಂಡು ವೇ ಬ್ರಿಜ್‌ನಲ್ಲಿ ತೂಗಿಸಿದೆ. 370 ಕಿಲೋ ಬಂತು. ಅವತ್ತಿನ ಗುಜರಿ ದರದಿಂದ ಗುಣಿಸಿದರೆ ಸಿಗುವುದು ತಳದ ಬೆಲೆ. ಅದಕ್ಕಿಂತ ಕಮ್ಮಿಗೆ ಯಾರಿಗೂ ಕೊಡಬೇಕಾಗಿಲ್ಲ. ಗುಜರಿಯವನು ಕಣ್ಣಂದಾಜಿನಲ್ಲಿ ಹೇಳಿದ್ದು ಇದರ ಮುಕ್ಕಾಲು ಭಾಗಕ್ಕೂ ಕಮ್ಮಿ ಇತ್ತು. ಎರಡನೆಯವರು ತೋಟದ ಅಲಂಕಾರಕ್ಕೆ ಗಾಲಿ, ಸೀಟು ಮಾತ್ರ ಕೇಳಿದರು. ಅವೆರಡಕ್ಕೇ ಗುಜರಿಯ ಒಂದೂವರೆ ಪಟ್ಟು ಕೊಡಲು ಸಿದ್ಧವಿದ್ದರು. ನಾನು ಎರಡು ದಿನ ತೊಳಲಾಡಿದೆ. ಅಕ್ಕನನ್ನು ಕೇಳಿದರೆ "ಕೊಟ್ಟು ಕೈ ತೊಳ್ಕೋ, ಇನ್ನೆಷ್ಟು ದಿನ ಅದರ ಹಿಂದೆ ಸುತ್ತೀಯ" ಅಂದಳು. ಆದರೆ ಗಾಲಿ ತೆಗೆದರೆ ಗಾಲಿಯಿಂದ ನಡೆಯುವ ಯಂತ್ರದಲ್ಲಿ ಏನು ಉಳಿಯುತ್ತದೆ? ಚೆನ್ನಾಗಿರುವ ಗೇರ್ ಪೆಟ್ಟಿಗೆ ಗುಜರಿಗೇ ಹೋಗುತ್ತದೆ. ಮನಸ್ಸು ಒಪ್ಪಲಿಲ್ಲ.

ಮೂರನೆಯವರು ಕುದುರೆಯಲ್ಲಿ ಬೇಸಾಯ ಮಾಡುವವರು. ಪಿಟಿಒ ಇಲ್ಲದೆ ಗಾಲಿಯಿಂದಲೇ ನಡೆಯುತ್ತದೆ ಅನ್ನುವುದು ಬೇರೆಯವರಿಗೆ ಕೊರತೆ. ಅವರಿಗೆ ಬೇಕಾದ್ದೇ ಅದು. ಬಗ್ಗಿ ಬಾರ್ ಅಲ್ಲಾಡಿಸಿದರು, ಪೆಟ್ಟಿಗೆಯ ಎಣ್ಣೆ ಬೆರಳಲ್ಲಿ ಉಜ್ಜಿ ನೋಡಿದರು, ಗಾಲಿ ಹಿಂದಕ್ಕೆ ಉರುಳಿಸಿ ಎರಡೂ ಕಡೆಯ ಟಕ ಟಕ ಕೇಳಿಸಿಕೊಂಡರು. ಗುಜರಿಯ ಮೂರು ಪಟ್ಟಿಗೆ ಮಾತು ನಿಂತಿತು. ನನ್ನ ಖರ್ಚು ಅಂದರೆ ತಪ್ಪು ಕೈಪಿಡಿ, ಸರಿಯಾದ ಪಟ್ಟಿ, ಎಣ್ಣೆ, ಮೇಸ್ತ್ರಿಯ ಕೂಲಿ, ತೂಕ, ಸಾಗಾಟ, ಎಲ್ಲ ಸೇರಿ ಅದರಲ್ಲಿ ಕಾಲುಭಾಗ ಹೋಯಿತು. ಬಣ್ಣ ಬಳಿಸಿ ಕೊಡೋಣವಾ ಅಂತ ಒಮ್ಮೆ ಯೋಚಿಸಿದ್ದೆ. ಹಾಗೆ ಮಾಡಿದ್ದರೆ ಆ ದುಡ್ಡು ವಾಪಸ್ ಬರುತ್ತಿರಲಿಲ್ಲ. ಅವರು ಬಣ್ಣದ ಕಡೆ ನೋಡಲೇ ಇಲ್ಲ. ಹೊಸ ಬಣ್ಣದಡಿ ಬಿರುಕು ಮುಚ್ಚಿರುತ್ತಾರೆ ಅಂತ ಅನುಮಾನ ಬೇರೆ ಬರುತ್ತದಂತೆ.

ಕಾಗದದ ವಿಷಯ ಒಂದು ಮಾತು. ಇಂಥ ಯಂತ್ರಕ್ಕೆ ನಮ್ಮಲ್ಲಿ ಹಳೇ ರಸೀದಿ ಏನೂ ಇರಲಿಲ್ಲ. ಅಜ್ಜನದ್ದಾದ್ದರಿಂದ ಇದು ನನ್ನೊಬ್ಬನ ಸೊತ್ತೂ ಅಲ್ಲ. ಚಿಕ್ಕಪ್ಪ, ಅಕ್ಕ ಇಬ್ಬರಿಂದಲೂ ಒಪ್ಪಿಗೆ ಬರೆಸಿಕೊಂಡೆ. ಕೊಂಡವರಿಗೆ ಕಂಪನಿ, ಮಾದರಿ, ಉಬ್ಬು ನಂಬರುಗಳು, ಇಲ್ಲದ ಭಾಗಗಳು ಎಲ್ಲ ಬರೆದು, ಇದ್ದ ಹಾಗೇ ಮಾರಿದ್ದು ಅಂತ ಸಹಿ ಹಾಕಿ ಕೊಟ್ಟೆ. ಒಂದು ಪ್ರತಿ ನನ್ನ ಹತ್ತಿರ ಇದೆ. ಸಂಬಂಧಿಕರ ಜೊತೆ ಇದನ್ನು ಮೊದಲೇ ಮಾಡಿಕೊಳ್ಳಿ. ಬೆಲೆ ಗೊತ್ತಾದ ಮೇಲೆ ಕೇಳುವುದು ಕಷ್ಟ.

ಟ್ರೇಲರಿಗೆ ಹತ್ತಿಸುವಾಗ ಚಿಕ್ಕಪ್ಪನೂ ಬಂದಿದ್ದರು. ಹತ್ತಿಸುವ ಮುಂಚೆ ಸೀಟಿನ ಮೇಲೆ ಒಂದು ಸಲ ಕೂತು, ಹಿಡಿ ಎಳೆದರು. ಬಾರ್ ಎದ್ದಿತು. ಇಳಿದು ಏನೂ ಹೇಳದೆ ಒಳಗೆ ಹೋದರು.

ಮೊನ್ನೆ ಕೊಟ್ಟಿಗೆಯ ಅಟ್ಟ ಗುಡಿಸುವಾಗ ಗೋಣಿಯಲ್ಲಿ ಸುತ್ತಿದ ಉದ್ದನೆಯದೊಂದು ಸಿಕ್ಕಿತು. ಬಿಚ್ಚಿದರೆ ಇನ್ನೊಂದು ಕತ್ತಿ ಪಟ್ಟಿ. 20 ಬ್ಲೇಡೂ ಇವೆ, ಗ್ರೀಸು ಮೆತ್ತಿಟ್ಟಿದ್ದರಿಂದ ತುಕ್ಕೇ ಇಲ್ಲ. ಒಂದರಲ್ಲಿ ಕೊಯ್ಯುವಾಗ ಇನ್ನೊಂದನ್ನು ಮಸೆಯಲಿಕ್ಕೆ ಅಂತ ಆಗ ಎರಡು ಇಟ್ಟುಕೊಳ್ಳುತ್ತಿದ್ದರು. ನೀವು ಮಾರುವ ಮೊದಲೇ ಅಟ್ಟ, ಜಂತೆ, ಗೋಡೆ ಮೂಲೆ ಎಲ್ಲ ಹುಡುಕಿ. ನಾನು ಕೊಂಡವರಿಗೆ ಫೋನ್ ಮಾಡಿದ್ದೇನೆ. ಇದಕ್ಕೆ ಬೇರೆ ದುಡ್ಡು ಬೇಡ ಅಂದೆ. ಭಾನುವಾರ ಬಂದು ತೆಗೆದುಕೊಂಡು ಹೋಗುತ್ತಾರೆ.